ಅವ್ವ, ನಾನು ಮತ್ತು ಇಸವಿಯಿಲ್ಲದ ಶೆರಿ

ಎರಡು ಸಾವಿರದ ಇಸವಿ ಹತ್ತಿರ ಬಂದ ಹಾಗೆ ಜಗತ್ತಿನ ಕಂಪ್ಯೂಟರುಗಳೆಲ್ಲ ಒಮ್ಮೆಲೇ ಕೆಟ್ಟು ಕೂರುತ್ತವೆ ಎಂಬ ಹೆದರಿಕೆ ಎಲ್ಲೆಡೆ ಹಬ್ಬಿತ್ತು. ಆ ಹೆದರಿಕೆಯೇ ನಮ್ಮ ಅನ್ನ. ಹಳೆಯ ಪ್ರೋಗ್ರಾಮುಗಳಲ್ಲಿ ಎರಡೇ ಅಂಕಿಯಲ್ಲಿ ಬರೆದಿಟ್ಟ ಇಸವಿಗಳನ್ನು ಹುಡುಕಿ ನಾಲ್ಕಂಕಿಗೆ ತಿದ್ದುವುದು ನನ್ನ ಕೆಲಸವಾಗಿತ್ತು. ಬ್ಯಾಂಕು, ವಿಮೆ ಎಲ್ಲ ಮುಗಿದ ಮೇಲೆ ಕಂಪನಿಯವರು ನನ್ನನ್ನು ನ್ಯೂಜೆರ್ಸಿಯ ದಕ್ಷಿಣದ ಒಂದು ವೈನರಿಗೆ ಕಳಿಸಿದರು. ಪಕ್ಕದವರು ಬಿಯರ್ ತೆರೆದರೆ ಕುರ್ಚಿ ಬದಲಿಸುತ್ತಿದ್ದ ನನ್ನನ್ನು!

ಆಗ ಧಾರವಾಡದಿಂದ ಅವ್ವ ಬಂದು ನನ್ನ ಮತ್ತು ನನ್ನ ಗಂಡನ ಜೊತೆಗಿದ್ದಳು. ನಾನು ಕಾರಿನ ಕೀಲಿ ತೆಗೆದುಕೊಳ್ಳುವ ಹೊತ್ತಿಗೆ ಅವಳು ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬರ್ತೀನಿ. ಈ ಹಿಲ್ಸ್‌ಬರೋದಾಗ ದಿನಾ ಕಿಟಕಿ ಮುಂದ ಕೂತ್ರೂ ಒಂದು ನರಪಿಳ್ಳಿ ಕಾಣೂದಿಲ್ಲ."

"ಅವ್ವಾ, ಅದು ಹೆಂಡದ ಕಾರ್ಖಾನಿ."

"ನಾ ಏನು ಕುಡೀಲಿಕ್ಕೆ ಬರ್ಲಿಕತ್ತೇನೇನು? ನೋಡ್ಲಿಕ್ಕೆ ಬರ್ತೀನಿ."

ವೈನರಿಯ ಯಜಮಾನ ಎಪ್ಪತ್ತು ದಾಟಿದ, ಕೆಂಪು ಮೂಗಿನ, ಮಾತುಗಾರ ಮನುಷ್ಯ. ಅವನ ಮುತ್ತಜ್ಜ ಸ್ಪೇನಿನಿಂದ ಹಡಗು ಹತ್ತಿ ಬಂದು, ಆ ಮರಳು ನೆಲದಲ್ಲಿ ದ್ರಾಕ್ಷಿ ಹಚ್ಚಿ, ತನ್ನ ಊರಿನ ರೀತಿಯಲ್ಲೇ ಶೆರಿ ಮಾಡತೊಡಗಿದನಂತೆ. ಹುಳಿಬಂದ ದ್ರಾಕ್ಷಿರಸಕ್ಕೆ ಮೇಲೊಂದಿಷ್ಟು ಬ್ರಾಂಡಿ ಬೆರೆಸಿ ಖಡಕ್ ಮಾಡಿದ ವೈನು ಅದು. ಯಜಮಾನ ಅವ್ವನಿಗೆ ತಲೆಬಾಗಿ ನಮಸ್ಕರಿಸಿದ. ಅವ್ವ ಸೆರಗು ಸರಿಮಾಡಿಕೊಂಡು, "ಸಂಸ್ಕಾರವಂತ ಅದಾನ" ಎಂದಳು.

ಉಗ್ರಾಣ ತಂಪಾಗಿತ್ತು. ಪೀಪಾಯಿಗಳನ್ನು ಒಂದರ ಮೇಲೊಂದು ಸಾಲುಸಾಲಾಗಿ ಪೇರಿಸಿದ್ದರು. ಬಾಟಲಿಗೆ ತುಂಬುವಾಗ ಕೆಳಗಿನ ಸಾಲಿನಿಂದ ಸ್ವಲ್ಪವೇ ತೆಗೆಯಬೇಕು. ತೆಗೆದಷ್ಟನ್ನು ಅದರ ಮೇಲಿನ ಸಾಲಿನಿಂದ ತುಂಬಬೇಕು. ಹೊಸ ವೈನು ಎಲ್ಲಕ್ಕಿಂತ ಮೇಲೆ. ಯಾವ ಪೀಪಾಯಿಯನ್ನೂ ಪೂರ್ತಿ ಬರಿದು ಮಾಡುವಂತಿಲ್ಲ. "ಮುತ್ತಜ್ಜ ಸುರಿದದ್ದರ ಒಂದೆರಡು ಹನಿಯಾದರೂ ಇದರಲ್ಲಿ ಇನ್ನೂ ಇದೆ" ಎಂದು ಯಜಮಾನ ಕೆಳಗಿನ ಪೀಪಾಯಿಯನ್ನು ಎಮ್ಮೆಯ ಬೆನ್ನು ತಟ್ಟುವಂತೆ ತಟ್ಟಿದ.

ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಯೇ. ದಾಸ್ತಾನಿನ ಪ್ರೋಗ್ರಾಮಿಗೆ ಪ್ರತಿ ಪೀಪಾಯಿಯ ಇಸವಿ ಬೇಕೇ ಬೇಕು. ಕೊಡದಿದ್ದರೆ ಅದು ಮುಂದಕ್ಕೆ ಹೋಗುವುದಿಲ್ಲ.

"ಯಾವ ಇಸವಿ ಹಾಕಲಿ?" ಎಂದು ಕೇಳಿದೆ.

"ಇದಕ್ಕೆ ಇಸವಿ ಇಲ್ಲ."

"ಒಂದಾದರೂ ಇರಲೇಬೇಕಲ್ಲ?"

"ಎಲ್ಲ ಇಸವಿಗಳೂ ಇವೆ, ಅದೇ ತೊಂದರೆ" ಎಂದು ಅವನು ನಕ್ಕ.

ಹಟಕ್ಕೆ ಬಿದ್ದು ಮುತ್ತಜ್ಜ ಬಂದ ಇಸವಿಯನ್ನೇ ಹಾಕಿದೆ. ಕಂಪ್ಯೂಟರ್ ಕ್ಷಣ ಹೊತ್ತು ಗುರುಗುಟ್ಟಿ, ಈ ಮಾಲಿನ ಅವಧಿ ಮುಗಿದು ಬಹಳ ಕಾಲವಾಗಿದೆ, ಕೂಡಲೇ ವಿಲೇವಾರಿ ಮಾಡಿ ಎಂದು ಕೆಂಪಕ್ಷರದಲ್ಲಿ ಆಜ್ಞೆ ಮಾಡಿತು. ಯಜಮಾನ ಎದೆ ಹಿಡಿದುಕೊಂಡ.

"ಯಾಕ, ಏನಾತು? ಯಾಕ ಮಾರಿ ಸಣ್ಣದು ಮಾಡ್ಯಾನ?" ಎಂದಳು ಅವ್ವ. ಎಲ್ಲವನ್ನೂ ಬಿಡಿಸಿ ಹೇಳಿದೆ.

"ಇಷ್ಟಕ್ಕ ಜಗಳೇನು? ನಮ್ಮನಿ ಮೊಸರಿಗೆ ಇಸವಿ ಅದ ಏನು? ನಿನ್ನಿ ಮೊಸರೇ ಇವತ್ತಿನ ಹಾಲಿಗೆ ಹೆಪ್ಪು. ಅದು ನಮ್ಮ ಅತ್ತಿ ಕಾಲದಿಂದ ನಡದದ. ಯಾರರ ಕೇಳ್ಯಾರೇನು, ಇದು ಎಂದಿನ ಮೊಸರು ಅಂತ?"

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಯಜಮಾನ ಚಪ್ಪಾಳೆ ತಟ್ಟಿ, "ನೋಡಿದಿರಾ, ಅಮ್ಮನವರು ನನ್ನ ಪಕ್ಷ!" ಎಂದ. ಒಂದು ಕಡೆ ಅವ್ವ, ಇನ್ನೊಂದು ಕಡೆ ಗಿರಾಕಿ. ನಾನು ಸೋತೆ. ಆ ಸಾಲುಗಳಿಗೆ ಇಸವಿಯೇ ಬೇಡ ಎಂದು ಪ್ರೋಗ್ರಾಮಿಗೆ ಹೇಳಿಕೊಡುತ್ತ ಮಧ್ಯಾಹ್ನವೆಲ್ಲ ಕೂತೆ.

ಹೊರಡುವ ಹೊತ್ತಿಗೆ ಯಜಮಾನ ಪುಟ್ಟ ಗ್ಲಾಸೊಂದರಲ್ಲಿ ಕಂದು ಬಣ್ಣದ ಸಿಹಿ ಶೆರಿ ಹಿಡಿದು ಬಂದ. ಅವ್ವ ಕುಡಿಯುವುದಿಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಗ್ಲಾಸು ಇಸಿದುಕೊಂಡು ಮೂಸಿದಳು. ಮುಖ ಅರಳಿತು.

"ಅಯ್ಯ! ಇದು ದ್ರಾಕ್ಷಾಸವ!"

"ಅವ್ವಾ, ಅಲ್ಲ. ವೈನ್ ಅದು. ಮ್ಯಾಲೆ ಬ್ರಾಂಡಿ ಬ್ಯಾರೆ ಹಾಕ್ಯಾರ. ಕುಡೀಬ್ಯಾಡ."

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಆಸವ ಅಂದ್ರ ಏನಂತ ತಿಳದೀ? ದ್ರಾಕ್ಷಿ ಹುಳಿ ಬಂದದ್ದೇ. ನೀ ಹುಟ್ಟಿದಾಗ ಬಾಣಂತನದಾಗ ದಿನಾ ಊಟ ಆದಮ್ಯಾಲೆ ನಮ್ಮವ್ವ ನನಗ ಕುಡಿಸ್ತಿದ್ಲು. ಅದನ್ನ ಕುಡದ ನನ್ನ ಹಾಲು ಕುಡದೇ ನೀ ಇಷ್ಟು ಶಾಣ್ಯಾಕಿ ಆದಿ."

ಹೇಳಿ, ಔಷಧಿಯಂತೆ ಒಂದೇ ಗುಟುಕಿಗೆ ಎತ್ತಿ, ಕಣ್ಣು ಮುಚ್ಚಿ, ಸೆರಗಿನಿಂದ ಬಾಯೊರೆಸಿಕೊಂಡು, ಗ್ಲಾಸು ವಾಪಸು ಕೊಟ್ಟಳು. "ಛಲೋ ಅದ ಅಂತ ಹೇಳು ಅವಗ. ಆದರ ನಮ್ಮ ವೈದ್ಯರು ಲವಂಗ ಹಾಕ್ತಾರ." ನಾನು ಹೇಳಿದೆ. ಅವನು ಗಂಭೀರವಾಗಿ ತಲೆಯಾಡಿಸಿ, ಒಳಗೆ ಹೋಗಿ ಒಂದು ಬಾಟಲಿಯನ್ನೇ ತಂದು ಅವಳ ಕೈಗಿಟ್ಟ.

ದಾರಿಯುದ್ದಕ್ಕೂ ಅವ್ವ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಮಾಡಿದಳು. ಮನೆಯಲ್ಲಿ ಅದು ಇಂಗಿನ ಡಬ್ಬಿಯ ಪಕ್ಕದಲ್ಲಿ ನೆಲೆಯಾಯಿತು. ದಿನಾ ಊಟವಾದ ಮೇಲೆ ಎರಡು ಚಮಚ.

ಮೈಸೂರು ಕಡೆಯವರಾದ ನನ್ನ ಗಂಡ ಕೆಲವು ದಿನ ಇದನ್ನು ಸುಮ್ಮನೆ ನೋಡಿದರು. ಒಂದು ಸಂಜೆ ತಡೆಯಲಾರದೆ ಕೆಮ್ಮಿದರು. "ಅತ್ತೆ, ನನಗೂ ಯಾಕೋ ಸ್ವಲ್ಪ ಶೀತ ಆದ ಹಾಗಿದೆ."

ಅವ್ವ ಬಾಟಲಿಯ ಮುಚ್ಚಳ ಬಿಗಿ ಮಾಡಿದಳು.

"ಶೀತಕ್ಕ ಶುಂಠಿ ಕಷಾಯ ಮಾಡಿ ಕೊಡ್ತೀನ್ರಿ. ಇದು ಬಾಣಂತ್ಯಾರ ಔಷಧಿ."