ಒಡೆದ ಹರವಿಯೊಳಗಿನ ಮರಿಗಳು

ತಾಯಿಯಿಲ್ಲದ ಏಳು ಕೋಳಿಮರಿಗಳನ್ನು ನೆಲದಲ್ಲಿ ಅರ್ಧ ಹೂತ ಮಣ್ಣಿನ ಪಾತ್ರೆಯೊಳಗೆ ಇಳಿಸಿರೆಂದು ಪಕ್ಕದ ಮನೆಯ ಹುಸೇನಬಿ ಹೇಳಿದಾಗ, ನನ್ನ ಕಣ್ಣಿಗೆ ಅದು ಹೂಳಲು ತೋಡಿದ ಗುಂಡಿಯಂತೆ ಕಂಡಿತು. ಹುಣಸೂರಿನಿಂದ ನಾಲತವಾಡಕ್ಕೆ ಬಂದು ಆಗಿನ್ನೂ ಒಂದು ತಿಂಗಳಾಗಿತ್ತು. ಮಗಳಿಗೆ ಇಲ್ಲಿನ ಶಾಲೆಯಲ್ಲಿ ಕೆಲಸ. ನಾನು ಅವಳ ಜೊತೆಗೆ ಬಂದವಳು.

ಆ ಮರಿಗಳು ಎಂಥವೆಂಬುದನ್ನು ಮೊದಲು ಹೇಳಬೇಕು. ನನ್ನ ತಾಯಿ ಮದುವೆಯಲ್ಲಿ ಕೊಟ್ಟು ಕಳುಹಿಸಿದ, ಕಾಲಿನ ಮೇಲೂ ಪುಕ್ಕವಿದ್ದ ಒಂದು ಕೋಳಿಯ ಸಂತತಿ ಅವು. ಊರು ಬಿಡುವಾಗ ಹನ್ನೆರಡು ಮೊಟ್ಟೆಗಳನ್ನು ರಾಗಿ ಹೊಟ್ಟಿನ ಡಬ್ಬಿಯಲ್ಲಿಟ್ಟು ರೈಲಿನಲ್ಲಿ ಮಡಿಲ ಮೇಲೆಯೇ ತಂದೆ. ನಾನು ಬಂದ ಮೇಲೆ ಅಲ್ಲಿ ರೋಗ ಬಿದ್ದು ಅಂಗಳವೇ ಬರಿದಾಯಿತೆಂದು ತಮ್ಮ ಫೋನಿನಲ್ಲಿ ತಿಳಿಸಿದ. ಇಲ್ಲಿ ಹುಸೇನಬಿಯ ಕೋಳಿಯ ಕಾವಿನಲ್ಲಿ ಏಳು ಮರಿಗಳು ಹೊರಬಂದವು. ಮೂರನೆಯ ದಿನ ಆ ಕೋಳಿಯನ್ನು ಮುಂಗುಸಿ ಹೊತ್ತೊಯ್ದಿತು. ನನ್ನ ತಾಯಿಯ ಮನೆಯಿಂದ ಬಂದದ್ದರಲ್ಲಿ ಉಸಿರಾಡುತ್ತಿದ್ದುದು ಆ ಏಳು ಮಾತ್ರ.

ಇಲ್ಲಿಯವರು ಹರವಿ ಎನ್ನುವುದು ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆಗೆ. ಅದರ ಮೇಲಿನ ಭಾಗ ಒಡೆದರೆ ಎಸೆಯುವುದಿಲ್ಲ. ಬುಡವನ್ನು ಒಂದು ಗೇಣು ನೆಲಕ್ಕಿಳಿಸಿ, ಒಳಗೆ ಬೂದಿ, ಅದರ ಮೇಲೆ ಜೋಳದ ಹೊಟ್ಟು ಹರಡಿ, ತಾಯಿ ಸತ್ತ ಮರಿಗಳನ್ನು ಬಿಡುತ್ತಾರೆ. ಏಕೆಂದು ಕೇಳಿದೆ.

"ದೃಷ್ಟಿ ಬೀಳಂಗಿಲ್ಲರಿ ಅಕ್ಕಾರ. ತೆಳಗ ಇರ್ತಾವಲ್ಲ, ಹೋಗೋರು ಬರೋರ ಕಣ್ಣಿಗೆ ಕಾಣಂಗಿಲ್ಲ."

ಈ ಉತ್ತರ ಕೇಳಿದ ಮೇಲೆ ಆ ಪಾತ್ರೆಯ ಮೇಲಿದ್ದ ಅಲ್ಪ ನಂಬಿಕೆಯೂ ಹೋಯಿತು. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಂಗಡಿಯ ಪೊಟ್ಟಣದ ಕಾಗದ ಬಿಡಿಸಿ ಅಕ್ಷರ ಕಲಿತವಳು. ಹೀಗೆ ಕಲಿತವರಿಗೆ ಯಾರೋ ಹೇಳಿದರೆಂಬ ಕಾರಣಕ್ಕೆ ಒಪ್ಪುವ ಅಭ್ಯಾಸವಿರುವುದಿಲ್ಲ. ಆದ್ದರಿಂದ ಕೇಳಿದೆ: "ಇದ್ರೊಳ್ಗೆ ಹೊಲದ ಔಷ್ದಿ ಗಿವ್ಷ್ದಿ ಕಲ್ಸಿದ್ರೇನಮ್ಮಾ?"

ಹುಸೇನಬಿ ಸೊಂಟದ ಮೇಲೆ ಕೈಯಿಟ್ಟಳು. "ನಮ್ಮತ್ತಿ ನೀರು ಕುಡದ ಹರವಿರಿ ಇದು. ನಮ್ಮತ್ತಿಗೆ ಸಾಕಾಗಿತ್ತು, ನಿಮ್ಮ ಮರಿಗೆ ಸಾಲೂದಿಲ್ಲೇನು?"

ಮಗಳು ಫೋನಿನಲ್ಲಿ ತೋರಿಸಿದ ವಿಡಿಯೊದಲ್ಲಿ ಒಬ್ಬ ಪ್ಲಾಸ್ಟಿಕ್ ತೊಟ್ಟಿಯೇ ಶ್ರೇಷ್ಠವೆಂದ. ನುಣುಪಾದ ತಳದಲ್ಲಿ ಮರಿಗಳ ಕಾಲು ಜಾರಿ ಅಗಲವಾಗುವುದನ್ನು ಆತ ಕಂಡಂತಿರಲಿಲ್ಲ. ಸಂತೆಯಲ್ಲಿ ಒಬ್ಬ ತಗಡಿನ ಡಬ್ಬಿ ತೋರಿಸಿದ. ಹೊತ್ತು ಏರುವ ಮೊದಲೇ ಮನೆಯ ಗೇಟು ಕೈ ಸುಡುವ ಊರಿನಲ್ಲಿ ತಗಡೇ? ಎಲ್ಲವನ್ನೂ ತಳ್ಳಿಹಾಕಿ ನನ್ನ ತಾಯಿಯ ಕ್ರಮವನ್ನೇ ಹಿಡಿದೆ. ನಮ್ಮಲ್ಲಿ ಬಿದಿರಿನ ಕುಕ್ಕೆಗೆ ಗೋಣಿ ಹೊದಿಸಿ ಒಲೆಯ ಪಕ್ಕದಲ್ಲಿಡುತ್ತೇವೆ. ಮರಿಗೆ ಚಳಿಯೇ ಶತ್ರು. ಇಲ್ಲಿ ಕುಕ್ಕೆ ಸಿಗಲಿಲ್ಲ. ಅಂಗಡಿಯಿಂದ ರಟ್ಟಿನ ಪೆಟ್ಟಿಗೆ ತಂದು, ರಟ್ಟಿಗೆ ತಾಗದಂತೆ ಬಲ್ಬು ಇಳಿಬಿಟ್ಟು, ಅರ್ಧ ಬಾಯಿಗೆ ಗೋಣಿ ಮುಚ್ಚಿದೆ.

ಮರುದಿನ ಮಧ್ಯಾಹ್ನ ಊಟ ಮುಗಿಸಿ ಬಂದು ಗೋಣಿ ಸರಿಸಿದಾಗ ಮರಿಗಳೆಲ್ಲ ಬಲ್ಬಿನಿಂದ ದೂರದ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಬಾಯಿ ತೆರೆದುಕೊಂಡಿದ್ದವು. ಮೇಲಿನ ಐದನ್ನು ಎತ್ತಿದೆ. ಕೆಳಗಿನ ಎರಡು ಚಪ್ಪಟೆಯಾಗಿದ್ದವು.

ಹುಸೇನಬಿ ಬಂದು ನೋಡಿದಳು. ಬೈಯಲಿಲ್ಲ. ಪೆಟ್ಟಿಗೆಯ ಮೂಲೆಗೆ ಬೆರಳಿಟ್ಟು, "ಇಲ್ಲಿ ಹೋಗಿ ಸಿಕ್ಕಾವ್ರಿ. ಹರವಿಗೆ ಮೂಲಿ ಎಲ್ಲೈತಿ?" ಎಂದಳಷ್ಟೆ.

ಊರಿನವರನ್ನು, ಫೋನಿನವನನ್ನು, ಸಂತೆಯವನನ್ನು ಅನುಮಾನಿಸಿದ ನಾನು, ನನ್ನ ತಾಯಿಯನ್ನು ಮಾತ್ರ ಅನುಮಾನಿಸಿರಲಿಲ್ಲ. ಆಕೆ ಹೇಳಿದ್ದು ಹುಣಸೂರಿನ ಸೋನೆಮಳೆಗೆ. ಇಲ್ಲಿನ ಬೇಸಿಗೆಯ ಹಗಲನ್ನು ಆಕೆ ಕಂಡಿರಲಿಲ್ಲ.

ಆದರೂ ಹರವಿಗೆ ಮರಿ ಇಳಿಸುವ ಮೊದಲು ಅದರೊಳಗೆ ತೋಳು ಚಾಚಿ ಬಹಳ ಹೊತ್ತು ಕುಳಿತೆ. ಹೊರಗೆ ಬೆಂಕಿ, ಒಳಗೆ ಅಂಗೈಗೆ ಹಿತವಾದ ಬಿಸುಪು. ಹುಸೇನಬಿಯ ಮಗಳು ಕೇಳಿದಳು, "ಯವ್ವಾ, ಆ ಅಮ್ಮಾರು ಹರವಿ ನಾಡಿ ಹಿಡದು ನೋಡಾಕತ್ತಾರೇನು?" ಇಬ್ಬರೂ ನಕ್ಕರು. ನಗಲಿ. ತೋಳು ತೆಗೆದ ಮೇಲೆಯೇ ಐದನ್ನೂ ಇಳಿಸಿದೆ. ನೀರಿಟ್ಟ ತಟ್ಟೆಯಲ್ಲಿ ಮರಿ ಮುಳುಗದಂತೆ ಬೆಣಚುಕಲ್ಲು ಹಾಕಿದೆ. ಮೇಲೆ ರೊಟ್ಟಿ ಬುಟ್ಟಿ ಬೋರಲಿಟ್ಟು, ಮುಂಗುಸಿ ಉರುಳಿಸದಂತೆ ಕಲ್ಲು ಹೇರಿದೆ; ಹೆಣಿಗೆಯ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಬಲ್ಬು ಹೊತ್ತು ಇಳಿದ ಮೇಲೆ ಮಾತ್ರ, ಬುಟ್ಟಿಯನ್ನು ತುಸು ಸರಿಸಿ, ಒಂದೇ ಪಕ್ಕಕ್ಕೆ. ಮರಿಗಳು ಗುಂಪುಗೂಡಿದರೆ ಚಳಿ, ಬಾಯ್ದೆರೆದು ದೂರ ಸರಿದರೆ ಸೆಕೆ, ಹರಡಿ ಮಲಗಿದರೆ ನೆಮ್ಮದಿ. ಇದನ್ನು ನನಗೆ ಯಾರೂ ಹೇಳಲಿಲ್ಲ, ನೋಡಿ ತಿಳಿದೆ. ಅವು ಹರಡಿ ಮಲಗಿದವು.

ದೃಷ್ಟಿಯ ಮಾತನ್ನು ನಾನು ಇಂದಿಗೂ ಒಪ್ಪಿಲ್ಲ. "ನಿಮ್ಮ ಕಾರಣ ತಪ್ಪು, ಹರವಿ ಸರಿ," ಎಂದು ಹುಸೇನಬಿಗೆ ಹೇಳಿದೆ. "ಐದೂ ಬದುಕ್ಯಾವಲ್ಲರಿ, ಕಾರಣ ನೀವ ಇಟ್ಕೋರಿ," ಎಂದಳು.

ಈಗ ಆ ಐದೂ ಬೆಳೆದಿವೆ. ಎರಡು ಹೇಟೆಗಳು ಮೊಟ್ಟೆಯಿಡುತ್ತಿವೆ. ಮಳೆಗಾಲಕ್ಕೆ ಊರಿಗೆ ಹೋಗುವಾಗ ಹನ್ನೆರಡು ಮೊಟ್ಟೆ ಒಯ್ಯಬೇಕೆಂದಿದ್ದೇನೆ, ಈ ಬಾರಿ ಜೋಳದ ಹೊಟ್ಟಿನಲ್ಲಿ. ಹರವಿಯನ್ನೂ ತರುತ್ತೀಯಾ ಎಂದು ತಮ್ಮ ಕೇಳಿದ. ಬೇಡವೆಂದೆ. ಅಲ್ಲಿನ ಸೋನೆಯಲ್ಲಿ ಮಣ್ಣು ತೇವ ಹೀರಿ ಮರಿಗಳನ್ನು ಕೊಂದೀತು. ಅಲ್ಲಿಗೆ ಕುಕ್ಕೆಯೇ ಸರಿ. "ಮೂರು ಹೊತ್ತೂ ಆ ಊರಿನ ಹರವಿಯನ್ನೇ ಹೊಗಳ್ತೀಯಲ್ಲಕ್ಕಾ!" ಎಂದು ಆತ ನಕ್ಕ. ಇಲ್ಲಿ ಹುಸೇನಬಿಯ ದೂರು ಬೇರೆ: ನಾನು ದಿನವೂ ಹುಣಸೂರಿನದನ್ನೇ ಹೇಳುತ್ತೇನಂತೆ.

ಕಳೆದ ತಿಂಗಳು ತಮ್ಮನಿಂದ ಒಂದು ಬಿದಿರಿನ ಕುಕ್ಕೆ ತರಿಸಿಕೊಂಡೆ. ಅಂಗಳದಲ್ಲಿ, ಹರವಿಯ ಪಕ್ಕದಲ್ಲಿಯೇ ಇಟ್ಟಿದ್ದೇನೆ. ಸಂಜೆಯಾದರೆ ನನ್ನ ತಾಯಿಯ ಕೋಳಿಗಳು ಅದನ್ನು ಸುತ್ತಿ ಹಾಯ್ದು ಹೋಗಿ ಒಡೆದ ಹರವಿಯ ಅಂಚಿನ ಮೇಲೆ ಸಾಲಾಗಿ ಕೂರುತ್ತವೆ. ಕುಕ್ಕೆಯ ಧೂಳನ್ನು ಮಾತ್ರ ನಾನು ದಿನವೂ ಒರೆಸುತ್ತೇನೆ.