ಹತ್ತಿ ಗೋದಾಮಿನ ಭೂತ ಬಂಗಲೆ

ಅದು ೨೦೨೨ನೆಯ ಇಸವಿ; ಆಗ ನನಗೆ ಐವತ್ತಾರು ವರ್ಷ. ಆಂಧ್ರದ ಆದೋನಿಯ ಕನ್ನಡ ಶಾಲೆಯಿಂದ ಸ್ವಯಂನಿವೃತ್ತಿ ಪಡೆದು ಮನೆಯಲ್ಲಿದ್ದೆ. ನನ್ನ ಕೈಯಲ್ಲಿ ಕಲಿತ ಹತ್ತಿ ವ್ಯಾಪಾರಿಯೊಬ್ಬ, ದಸರೆಯ ರಜೆಗೆಂದು, ತನ್ನ ಖಾಲಿ ಗೋದಾಮನ್ನು ಭೂತ ಬಂಗಲೆಯಾಗಿ ಮಾರ್ಪಡಿಸಿದ್ದ. ಅಗ್ನಿಶಾಮಕ ಅಧಿಕಾರಿಗಳು ಅದನ್ನು ನೋಡಿ ಅನುಮತಿ ನಿರಾಕರಿಸಿದರು. ಅವನು ನೆಟ್ಟಗೆ ನನ್ನ ಮನೆಗೆ ಬಂದ.

"ಸಾರ್, ಊರ ತುಂಬ ಹೇಳ್ಕೊಂಡು ತಿರುಗೀನಿ. ಈಗ ಬಾಗ್ಲಾ ತೆಗೀಲಿಲ್ಲಂದ್ರ ಜನಕ್ಕ ಮಾರಿ ಹೆಂಗ ತೋರಸ್ಲಿ?"

ಹೋಗಿ ನೋಡಿದೆ. ಜೇಡರಬಲೆಯಂತೆ ಕಾಣಲೆಂದು ಗೋಡೆಗೂ ಸೂರಿಗೂ ಎಳೆ ಎಳೆಯಾಗಿ ಬಿಡಿಸಿ ಅಂಟಿಸಿದ್ದು ಹತ್ತಿ! ಅದರ ಕೆಳಗೇ ಎಣ್ಣೆಯ ಪಣತಿಗಳು. ಹುಟ್ಟಿದಂದಿನಿಂದ ಹತ್ತಿಯ ನಡುವೆಯೇ ಬೆಳೆದವರಿಗೆ ಅದು ಬೆಂಕಿಗೆ ಆಹಾರವೆಂದು ತೋರುವುದೇ ಇಲ್ಲ. ಹಿಂಬಾಗಿಲಿಗೆ ಬೀಗ ಬೇರೆ.

"ಇದ್ಯಾಕೋ?"

"ಟಿಕೀಟಿಲ್ದ ಒಳಗ ನುಗ್ತಾರ ಸಾರ್."

"ಒಳಗಿದ್ದವರು ಹೊರಗ ಎಲ್ಲಿಂದ ನುಗ್ಗಬೇಕು?"

ಅವನು ಜೇಬಿನಿಂದ ಬೀಗದ ಕೈ ತೆಗೆದ.

ಹತ್ತಿಯನ್ನು ಕಿತ್ತು ಹೊರಗೆ ಹಾಕಿಸಿದೆವು. ಪಣತಿಗಳ ಜಾಗಕ್ಕೆ ಬ್ಯಾಟರಿ ದೀಪಗಳು ಬಂದವು. ಹಿಂಬಾಗಿಲು ಒಳಗಿನಿಂದ ತಳ್ಳಿದರೆ ಸಾಕು, ತೆರೆಯುವಂತಾಯಿತು. ಜನರಿಗೆ ದಾರಿ ತೋರಿಸುವ ಹೊಣೆಯನ್ನು ದೆವ್ವದ ವೇಷದವರಿಗೇ ವಹಿಸಿದೆ. ತಾಲೀಮಿಗೆ ನಮ್ಮ ಓಣಿಯವರನ್ನು ಕರೆದೆ. ಅಪಾಯದ ಗಂಟೆ ಬಾರಿಸಿದೆ, ದೀಪಗಳು ಬೆಳಗಿದವು. "ಈ ಕಡೆ ಬರ್ರೀ!" ಎಂದು ದೆವ್ವಗಳು ಕೈಬೀಸಿದ್ದೇ ತಡ, ಜನರೆಲ್ಲ ಚೀರುತ್ತ ಎದುರು ದಿಕ್ಕಿಗೆ ಓಡಿದರು. ಎಲ್ಲರಿಗಿಂತ ಮುಂದಿದ್ದವಳು ನನ್ನ ಹೆಂಡತಿ.

"ದೆವ್ವ ಕರದ್ರ ಯಾರರ ಹೋಗ್ತಾರೇನ್ರಿ?" ಎಂದಳು, ಸೆರಗಿನಿಂದ ಬೆವರೊರೆಸಿಕೊಳ್ಳುತ್ತ. "ಇಷ್ಟು ವರ್ಷ ಪಾಠ ಹೇಳೀರಿ, ಇದೊಂದು ತಿಳೀಲಿಲ್ಲೇನು?"

ಅಂದೇ ನಿಯಮ ಮಾಡಿದೆ: ಗಂಟೆ ಕೇಳಿದೊಡನೆ ಮೊದಲು ಮುಖವಾಡ ಕಳಚಬೇಕು, ಮಾತು ಆಮೇಲೆ. ಮಗ್ಗಿ ಒಪ್ಪಿಸಿದಂತೆ ತಪ್ಪಿಲ್ಲದೆ ಮಾಡುವವರೆಗೆ ಒಬ್ಬೊಬ್ಬರಿಂದಲೂ ಮಾಡಿಸಿದೆ. ದೆವ್ವಗಳು ಗೊಣಗಿದವು; ನಾನು ಬಿಡಲಿಲ್ಲ.

ಅಧಿಕಾರಿಗಳು ಮತ್ತೆ ಬಂದರು. ಓಣಿಯವರೊಂದಿಗೆ ತಾವೂ ಒಳಹೊಕ್ಕು, ಯಾರಿಗೂ ಹೇಳದೆ ನಡುದಾರಿಯಲ್ಲಿ ಗಂಟೆ ಬಾರಿಸಿಬಿಟ್ಟರು. ಮುಖವಾಡಗಳು ಒಟ್ಟಿಗೆ ಕೆಳಗಿಳಿದವು. ಅವುಗಳ ಹಿಂದೆ ಪರಿಚಿತ ಮುಖಗಳು. ಜನ ನೂಕುನುಗ್ಗಲಿಲ್ಲದೆ ಹಿಂಬಾಗಿಲಿನಿಂದ ಹೊರಬಂದು ಬಿಸಿಲಿನಲ್ಲಿ ನಿಂತರು. ಇವರನ್ನು ತಿದ್ದಿದವರು ಯಾರೆಂದು ಅಧಿಕಾರಿಗಳು ತೆಲುಗಿನಲ್ಲಿ ವಿಚಾರಿಸಿದರು.

"ನಮ್ಮ ಸಾರ್," ಎಂದು ನನ್ನ ಶಿಷ್ಯ ನನ್ನತ್ತ ಕೈ ತೋರಿಸಿದ.

ಮೂವತ್ತು ವರ್ಷಗಳ ಮೇಷ್ಟ್ರಿಕೆಯಲ್ಲಿ ಯಾವ ಶಾಲಾ ತಪಾಸಣೆಯ ದಿನವೂ ನನ್ನ ಎದೆ ಹಾಗೆ ಉಬ್ಬಿರಲಿಲ್ಲ. ಅಧಿಕಾರಿಗಳು ಅಲ್ಲಿಯೇ ಅನುಮತಿಗೆ ಸಹಿ ಹಾಕಿದರು. ಅಂದು ೨೦೨೨ರ ಸೆಪ್ಟೆಂಬರ್ ೨೪, ಶನಿವಾರ.