ಅಕ್ಕ ಗುಟ್ಟಾಗಿ ಇಟ್ಟ ಪಾಸ್‌ವರ್ಡ್

ನಾನು ಹಿಂದೂಪುರದ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಇಷ್ಟೇ ಕಾರಣಕ್ಕೆ ನಮ್ಮ ಎರಡೂ ಮನೆಗಳಲ್ಲಿ ಯಾರು ಯಾವ ಪಾಸ್‌ವರ್ಡ್ ಮರೆತರೂ ಫೋನು ಬರುವುದು ನನಗೆ. ಎರಡು ಮನೆ ಎಂದರೆ ಹಿಂದೂಪುರದಲ್ಲಿ ನಾನು, ನನ್ನ ಗಂಡ, ಮಗಳು. ಕಲ್ಯಾಣದುರ್ಗದಲ್ಲಿ ನನ್ನ ಅಕ್ಕ, ಬಾವ, ಅವರ ಮಗ, ಆಗಷ್ಟೇ ಮದುವೆಯಾಗಿ ಬಂದಿದ್ದ ಸೊಸೆ. ಬಾವನಿಗೆ ಬಟ್ಟೆ ಅಂಗಡಿ. ಪಾಸ್‌ವರ್ಡುಗಳನ್ನೆಲ್ಲ ಅಂಗಡಿಯ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದರು. ವರ್ಷ ಕಳೆದು ಹೊಸ ಕ್ಯಾಲೆಂಡರ್ ನೇತುಹಾಕಿದ ವಾರವೇ ಕರೆಂಟ್ ಬಿಲ್ಲಿನದೂ ಇಲ್ಲ, ಗ್ಯಾಸಿನದೂ ಇಲ್ಲ ಎಂದು ನನಗೆ ಫೋನು.

ಇದನ್ನೊಂದು ಸಲ ಮುಗಿಸಿಬಿಡೋಣ ಎಂದುಕೊಂಡು, ಸೊಸೆಯ ತೌರಿನವರು ಬಂದಿದ್ದ ಒಂದು ಭಾನುವಾರ ಅಕ್ಕನ ಮನೆಯಲ್ಲಿ ಎಲ್ಲರ ಫೋನುಗಳನ್ನೂ ಮುಂದಿಟ್ಟುಕೊಂಡು ಕೂತೆ. ಪಾಸ್‌ವರ್ಡುಗಳನ್ನು ಕಾಪಾಡುವ ಆ್ಯಪ್ ಒಂದನ್ನು ಎಲ್ಲದಕ್ಕೂ ಹಾಕಿದೆ. ಒಂದು ಫೋನಿನಲ್ಲಿ ಬರೆದಿದ್ದು ಉಳಿದ ಫೋನುಗಳಿಗೂ ತಾನಾಗಿ ಬರುವ ಹಾಗೆ ಜೋಡಿಸಿದೆ. ಆ ಆ್ಯಪಿನಲ್ಲಿ ಎರಡು ಫೋಲ್ಡರ್ ಇರುತ್ತವೆ. ಒಂದು ಅವರವರ ಸ್ವಂತದ್ದು, ಇನ್ನೊಂದು ಮನೆಯವರಿಗೆಲ್ಲ ಕಾಣುವಂಥದ್ದು. ಯಾವುದು ಎಲ್ಲಿಗೆ ಹೋಗಬೇಕು ಎಂದು ಪ್ರತಿಯೊಬ್ಬರಿಗೂ ವಿವರಿಸಬೇಕಿತ್ತು. ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದರು. ಹೊಸದಾಗಿ ಯಾರು ಏನು ಬರೆದರೂ ಮನೆಯ ಫೋಲ್ಡರಿಗೇ ಹೋಗಲಿ ಎಂದು ಎಲ್ಲ ಫೋನುಗಳಲ್ಲೂ ಒಂದೇ ರೀತಿ ಹೊಂದಿಸಿಬಿಟ್ಟೆ.

ಅಕ್ಕ ಸೊಂಟದ ಸೆರಗಿಗೆ ಕೈ ಒರೆಸಿಕೊಂಡು ಬಂದು ತನ್ನ ಫೋನು ತೆಗೆದುಕೊಂಡಳು. ಸ್ವಲ್ಪ ಹೊತ್ತು ಅದನ್ನೇ ನೋಡಿ, "ಇದ್ರಾಗೆ ನಾನು ಬರ್ಕೊಂಡಿದ್ದು ನಂಗೊಬ್ಬಳಿಗೇ ಕಾಣ್ತೈತಾ?" ಎಂದು ಕೇಳಿದಳು.

ನಾನು ಬಾವನ ಫೋನಿನಲ್ಲಿ ಮುಳುಗಿದ್ದೆ. ತಲೆ ಎತ್ತದೆ, "ಹೂಂ ಕಣಕ್ಕ, ನಿನ್ ಬೆರಳು ಇಟ್ರೇನೇ ತೆಗೆಯೋದು," ಅಂದೆ.

ಅವಳ ಫೋನಿನ ಮಟ್ಟಿಗೆ ಅದು ನಿಜ. ಆದರೆ ಅವಳು ಕೇಳಿದ್ದು ಅದನ್ನಲ್ಲ.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ತೌರಿನ ಒಂದು ಸುಳ್ಳನ್ನು ಹೇಳಬೇಕು. ನಮ್ಮದು ಹಿಂದೂಪುರದಲ್ಲಿ ಮಗ್ಗದ ಮನೆ. ಅಕ್ಕ ಹತ್ತನೇ ಕ್ಲಾಸಿನಲ್ಲಿದ್ದಾಗ ಅಮ್ಮ ಹಾಸಿಗೆ ಹಿಡಿದಳು. ಅಪ್ಪ ಮಗ್ಗದಲ್ಲಿ ಕೂತರೆ ರಾಟೆಯಲ್ಲಿ ನೂಲು ಸುತ್ತುವವರು ಬೇಕು, ಒಲೆ ಹಚ್ಚುವವರು ಬೇಕು. ಅಕ್ಕ ಶಾಲೆ ಬಿಟ್ಟಳು. ನಾನಾಗ ಏಳನೇ ಕ್ಲಾಸು. ಬೆಳಿಗ್ಗೆ ನನಗೆ ಎರಡು ಜಡೆ ಹಾಕಿ, ಬುತ್ತಿ ಕೈಗಿತ್ತು, ಬಾಗಿಲವರೆಗೂ ಬಂದು ಕಳಿಸಿ ಅವಳು ರಾಟೆಯ ಮುಂದೆ ಕೂರುತ್ತಿದ್ದಳು. ಅಮ್ಮ ಎದ್ದು ಓಡಾಡುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಕಲ್ಯಾಣದುರ್ಗದಿಂದ ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಓದಿನ ಬಗ್ಗೆ ಕೇಳಿದಾಗ ಅಪ್ಪ, "ಟೆಂತ್ ಪಾಸಾಗವಳೆ," ಅಂದುಬಿಟ್ಟರು. ಯಾರೂ ಕಾಗದ ಕೇಳಲಿಲ್ಲ. ಅಕ್ಕ ತಲೆ ಬಗ್ಗಿಸಿ ಕೂತಿದ್ದಳು. ನಾನು ಬಾಗಿಲ ಹಿಂದಿದ್ದೆ.

ಆ ಸುಳ್ಳು ನಮ್ಮಲ್ಲಿ ಹಾಗೇ ಉಳಿಯಿತು. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಅದನ್ನು ಬಲ್ಲವರು ನಾವಿಬ್ಬರೇ. ಅಂಗಡಿಯಲ್ಲಿ ಬಾವನಿಗಿಂತ ಚುರುಕಾಗಿ ಗಿರಾಕಿಗಳನ್ನು ಸುಧಾರಿಸುತ್ತಿದ್ದವಳು ಅಕ್ಕ. ಮಗನ ಶಾಲೆಯ ಅರ್ಜಿಗಳಲ್ಲಿ ತಾಯಿಯ ವಿದ್ಯಾಭ್ಯಾಸ ಎಂಬ ಜಾಗ ಬಂದಾಗ ಮಾತ್ರ ಪೆನ್ನನ್ನು ಬಾವನ ಕೈಗೆ ಕೊಡುತ್ತಿದ್ದಳು.

ಆ ಭಾನುವಾರ ಕಳೆದು ಒಂದು ತಿಂಗಳಾಗಿರಬಹುದು. ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತು ರೈಲ್ವೆ ಟಿಕೆಟ್ಟಿನ ಪಾಸ್‌ವರ್ಡಿಗಾಗಿ ಆ್ಯಪ್ ತೆರೆದೆ. ಮನೆಯ ಫೋಲ್ಡರಿನಲ್ಲಿ ಗ್ಯಾಸಿನದಕ್ಕೂ ಟಿವಿಯದಕ್ಕೂ ನಡುವೆ ಹೊಸದೊಂದು ಇತ್ತು. 'ಓಪನ್ ಟೆಂತ್' ಎಂದು, ನಮ್ಮ ಕಡೆಯ ಶಾಲೆಗಳಲ್ಲಿ ಕಲಿಸುವ ತೆಲುಗಿನಲ್ಲಿ, ಬರೆದಿತ್ತು. ಕೆಳಗೆ ಹೆಸರಿರಬೇಕಾದ ಕಡೆ ಅರ್ಜಿಯ ಸಂಖ್ಯೆ ಮಾತ್ರ. ಆದರೆ ಒತ್ತಿ ನೋಡಿದರೆ ಅದು ಯಾರ ಫೋನಿನಿಂದ ಬಂತು ಎಂದು ಕಾಣುತ್ತದೆ. ಅಕ್ಕನ ಫೋನು.

ಮೊದಲು ಬಂದದ್ದು ಸಂತೋಷವೇ. ಈ ವಯಸ್ಸಿನಲ್ಲಿ ಇವಳು ಮನೆಯಲ್ಲೇ ಓದಿ ಪರೀಕ್ಷೆ ಬರೆಯಲು ಹೊರಟಿದ್ದಾಳೆ ಎಂದು. ಅದರ ಬೆನ್ನಿಗೇ ನನಗೆ ಹೇಳಲಿಲ್ಲವಲ್ಲ ಎಂಬ ನೋವು ಬಂತು. ಅದು ಅಲ್ಲೇ ಇದ್ದರೆ ಬಾವನ ಕಣ್ಣಿಗೂ ಮಗನ ಕಣ್ಣಿಗೂ ಬೀಳುತ್ತದೆ ಎಂಬುದು ಹೊಳೆದದ್ದು ಆಮೇಲೆ.

ಅದನ್ನು ಅವಳ ಸ್ವಂತ ಫೋಲ್ಡರಿಗೆ ಹಾಕುವಂತೆ ಅವಳಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಒಂದು ಫೋನು ಸಾಕಿತ್ತು. ಆದರೆ ಹೇಳಿದರೆ ನಾನು ನೋಡಿದ್ದು ಅವಳಿಗೆ ಗೊತ್ತಾಗುತ್ತದೆ. ನಿನಗೊಬ್ಬಳಿಗೇ ಕಾಣುತ್ತದೆ ಅಂದಿದ್ದೆಯಲ್ಲ ಎಂದು ಕೇಳುತ್ತಾಳೆ. ನಾಳೆ ಮಾಡೋಣ ಅಂದುಕೊಂಡೆ. ಅಷ್ಟರಲ್ಲಿ ಅವಳೇ ಬಾಯಿ ಬಿಟ್ಟು ಹೇಳಬಹುದು ಎಂಬ ಆಸೆಯೂ ಇತ್ತು. ಎರಡು ಸಲ ಅವಳಿಗೆ ಫೋನು ಮಾಡಿ ಅದೂ ಇದೂ ಮಾತಾಡಿ ಇಟ್ಟೆ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ನಾಲ್ಕನೆಯ ದಿನ ಬಾವನ ಫೋನು ಬಂತು. ಅಂಗಡಿಯಿಂದ ಮಾಡಿದ್ದರು, ಹಿಂದೆ ಗಿರಾಕಿಗಳ ಮಾತು ಕೇಳುತ್ತಿತ್ತು.

"ಏನಮ್ಮ, ಕರೆಂಟ್ ಬಿಲ್ ಕಟ್ಟಾಣ ಅಂತ ತೆಗೆದೆ. ಇದ್ಯಾವ್ದೋ ಟೆಂತ್ ಅಂತ ಬಂದೈತಲ್ಲ. ನಮ್ಮನ್ಯಾಗೆ ಟೆಂತ್ ಓದೋರು ಯಾರವ್ರೆ?" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಯಾರಾನ ಮೋಸ ಮಾಡೋರು ಫೋನಿನಾಗೆ ನುಗ್ಗವ್ರಾ ಏನು?" ಎಂದರು.

ಆಗ ನಾನು ಯೋಚನೆಯನ್ನೇ ಮಾಡಲಿಲ್ಲ. "ಹಂಗೇನಿಲ್ಲ ಬಾವ, ಎಲ್ಲಿಂದ್ಲೋ ತಪ್ಪಿ ಬಂದಿರ್ಬೇಕು. ತೆಗೆದ್ಬುಡಿ," ಅಂದೆ.

"ಸರೇ, ಎಲ್ಲಿ ಒತ್ಲಿ ಹೇಳು," ಎಂದರು. ನಾನು ಹೇಳಿದ ಕಡೆ ಒತ್ತಿದರು. ನನ್ನ ಫೋನಿನಲ್ಲೂ ಅದು ಮಾಯವಾಯಿತು. ಅಕ್ಕನ ಫೋನಿನಲ್ಲೂ ಹೋಗಿರುತ್ತದೆ ಎಂದು ಗೊತ್ತಿತ್ತು. ಅವಳ ಗುಟ್ಟು ಉಳಿಸಿದೆ ಎಂದು ಆ ಗಳಿಗೆಯಲ್ಲಿ ನನಗೆ ನಿಜವಾಗಿಯೂ ಸಮಾಧಾನವಾಯಿತು. ಸಂಜೆ ಮನೆಗೆ ನಡೆದು ಬರುವಾಗ ಅದು ಇಳಿಯತೊಡಗಿತು. ಆ ಪಾಸ್‌ವರ್ಡನ್ನು ಆ್ಯಪೇ ಮಾಡಿಕೊಟ್ಟಿರುತ್ತದೆ. ಅಕ್ಷರ, ಅಂಕಿ, ಚಿಹ್ನೆ ಎಲ್ಲ ಕಲಸಿದ ಉದ್ದನೆಯ ಸಾಲು. ಹಾಗೆ ಮಾಡಿಸಿಕೊಳ್ಳುವುದನ್ನು ಅಕ್ಕನಿಗೆ ಹೇಳಿಕೊಟ್ಟವಳೂ ನಾನೇ. ಅದು ಯಾರ ತಲೆಯಲ್ಲೂ ನಿಲ್ಲುವಂಥದ್ದಲ್ಲ.

ಇಲ್ಲಿಯವರೆಗಿನದನ್ನು ಅವಸರ, ಅಂಜಿಕೆ ಎಂದು ಹೇಳಿಕೊಳ್ಳಬಹುದು. ಮುಂದಿನದನ್ನು ಹಾಗೆ ಹೇಳಲಾರೆ. ಅಳಿಸಿದ್ದು ಆ ಆ್ಯಪಿನಲ್ಲಿ ಕೂಡಲೇ ಸಾಯುವುದಿಲ್ಲ. ಕಸದ ಬುಟ್ಟಿಯಂಥ ಜಾಗದಲ್ಲಿ ಮೂವತ್ತು ದಿನ ಇರುತ್ತದೆ. ಅದು ನನಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿರಲಿಲ್ಲ. ಅವಳು ಗಾಬರಿಯಾಗಿ ನನಗೆ ಫೋನು ಮಾಡುತ್ತಾಳೆ, ಎಲ್ಲ ಹೇಳುತ್ತಾಳೆ, ಆಗ ತೆಗೆದುಕೊಟ್ಟರಾಯಿತು ಎಂದು ಕಾದೆ. ಅವಳ ಬಾಯಿಂದಲೇ ಕೇಳಬೇಕು ಎಂಬ ಹಟ ನನಗೆ ಹೇಗೆ ಬಂತೋ. ಶಾಲೆಯಲ್ಲಿ ಪರೀಕ್ಷೆ, ಮಗಳಿಗೆ ಜ್ವರ, ಮನೆಗೆ ಸುಣ್ಣ ಎಂದು ದಿನಗಳು ಹೋದವು. ನಡುವೆ ಒಂದೆರಡು ಸಲ ನೆನಪಾಯಿತು. ಒಂದು ದಿನ ತೆಗೆದು ನೋಡಿದರೆ ಆ ಬುಟ್ಟಿ ಖಾಲಿಯಿತ್ತು.

ಹೊಸ ಹುಣಸೆಹಣ್ಣು ಮಾರ್ಕೆಟ್ಟಿಗೆ ಬಂದಾಗ ಅಕ್ಕ ಹಿಂದೂಪುರಕ್ಕೆ ಬರುತ್ತಾಳೆ. ವರ್ಷಕ್ಕಾಗುವಷ್ಟು ಕೊಂಡು, ನಮ್ಮ ಮನೆಯಲ್ಲೇ ಬೀಜ ತೆಗೆದು, ಉಪ್ಪು ಬೆರೆಸಿ ಒಯ್ಯುತ್ತಾಳೆ. ಆ ಸಲವೂ ಬಂದಳು. ಬಿಸಿಲೇರುವ ಮುಂಚೆ ಇಬ್ಬರೂ ಹಿತ್ತಲಿನಲ್ಲಿ ಗೋಣಿಚೀಲ ಹಾಸಿಕೊಂಡು ಕೂತೆವು. ಹಣ್ಣು ಜಜ್ಜುತ್ತಾ ಅವಳು ನನ್ನ ಮುಖ ನೋಡದೆ ಮಾತು ತೆಗೆದಳು.

"ನಾನೊಂದು ಪೆದ್ದು ಕೆಲ್ಸ ಮಾಡ್ಬುಟ್ಟೆ ಕಣೇ. ಯಾರ್ಗೂ ಹೇಳಿಲ್ಲ. ಟೆಂತ್ ಬರೆಯಾಣ ಅಂತ ಅರ್ಜಿ ಹಾಕಿದ್ದೆ."

ನಾನು ಬೀಜ ಬಿಡಿಸುತ್ತಲೇ ಇದ್ದೆ.

"ಸೊಸೆ ಬಂದವಳು ಡಿಗ್ರಿ ಓದವಳೆ. ದಿನಾ ಪೇಪರ್ ಓದಿ ನನ್ ಕೈಗೆ ಕೊಡ್ತಾಳೆ, ಅತ್ತೆ ಟೆಂತ್ ಪಾಸಾಗವ್ರೆ ಅಂತ ನಂಬಿಕೊಂಡು. ನನ್ ಕೈಯಾಗೆ ಆಗ್ಲಿಲ್ಲ. ನಿಜಾನೇ ಮಾಡ್ಬುಡಾಣ ಅನ್ನಿಸ್ತು. ಇಲ್ಲಿ ಯಾರ್ಗೂ ಗೊತ್ತಾಗ್ಬಾರ್ದು ಅಂತ ಅನಂತಪುರದ ಸೆಂಟರ್ ಹಾಕ್ದೆ. ನಂಬರೂ ಹಳೆ ಸಿಮ್ಮಿಂದು ಕೊಟ್ಟೆ. ಆಮೇಲೆ ಪಾಸ್‌ವರ್ಡ್ ಎಲ್ಲಿ ಒತ್ತಿ ಕಳೆದ್ನೋ. ನಿನ್ ಆ್ಯಪಿನಾಗೆ ಇಟ್ಟಿದ್ದೆ, ಒಂದಿನ ನೋಡಿದ್ರೆ ಇಲ್ಲ. ಹೊಸ ಪಾಸ್‌ವರ್ಡ್ ಮಾಡ್ಕೊಳ್ಳಾಣ ಅಂದ್ರೆ ಹಳೆ ಸಿಮ್ಮು ಆ ಹೊತ್ಗೆ ಸತ್ತೋಗಿತ್ತು, ಓಟಿಪಿ ಬರಾಕಿಲ್ಲ. ಪರೀಕ್ಷೆ ಫೀಜು ಕಟ್ಟೋ ದಿನ ದಾಟೋಯ್ತು." ಅವಳು ಅಂಟಿದ ಬೆರಳುಗಳನ್ನು ನೋಡಿಕೊಂಡಳು. "ಒಂದು ಪಾಸ್‌ವರ್ಡ್ ಕಾಪಾಡ್ಕೊಳ್ಳಕ್ಕಾಗ್ದೋಳು ಲೆಕ್ಕ ಏನ್ ಮಾಡ್ತೀನಿ. ನಂಗಲ್ಲ ಬುಡು ಅದು."

ತಪ್ಪನ್ನು ಅವಳು ತನ್ನ ಬೆರಳಿನ ಮೇಲೇ ಹಾಕಿಕೊಂಡಿದ್ದಳು. ಅದನ್ನು ಕೇಳಿಕೊಂಡು ಹೂಂ ಅನ್ನುವುದು ಸುಲಭವಿತ್ತು. ನಾಲಿಗೆಯ ತುದಿಗೆ ಬಂದದ್ದೂ ಅದೇ. ಮುಂದಿನ ಸಲ ಹಾಕು, ನಾನು ನೋಡಿಕೊಳ್ಳುತ್ತೇನೆ ಎಂದು ದೊಡ್ಡವಳಂತೆ ಹೇಳಿಬಿಡಬಹುದಿತ್ತು. ಆದರೆ ಅವಳು ನಂಗಲ್ಲ ಬುಡು ಅಂದ ರೀತಿಗೆ ನನಗೆ ಕೂರಲಾಗಲಿಲ್ಲ.

"ನೀನು ಒತ್ತಿದ್ದಲ್ಲ ಅಕ್ಕ. ನಾನೇ ಬಾವನ ಕೈಲಿ ತೆಗೆಸ್ದೆ," ಅಂದೆ.

ಮೊದಲಿನಿಂದ ಎಲ್ಲ ಹೇಳಿದೆ. ಫೋಲ್ಡರು, ಊಟದ ಹೊತ್ತು, ಬಾವನ ಫೋನು, ಮೂವತ್ತು ದಿನ. ಅವಳು ಜಜ್ಜುವುದನ್ನು ನಿಲ್ಲಿಸಿದ್ದಳು. ಮುಗಿದ ಮೇಲೆ ಒಂದೇ ಕೇಳಿದಳು.

"ನೀನು ನೋಡಿದ್ದು ಯಾವತ್ತು?"

ಹೇಳಿದೆ.

"ಅವತ್ತೇ ಒಂದು ಫೋನ್ ಮಾಡಿದ್ರೆ ನಿಂಗೇನ್ ಹೋಯ್ತಿತ್ತು?"

"ನೀನೇ ಹೇಳ್ಲಿ ಅಂತ ಕಾದೆ ಕಣಕ್ಕ."

"ನಾನು ಪಾಸಾದ್ಮೇಲೆ ಹೇಳಾಣ ಅಂತ ಇದ್ದೆ. ಮೊದ್ಲು ನಿಂಗೇ," ಅಂದಳು.

ಅವಳು ಬೈಯಲಿಲ್ಲ. ಉಳಿದ ಹಣ್ಣಿನ ಬೀಜವನ್ನೆಲ್ಲ ತೆಗೆದು, ಉಪ್ಪು ಬೆರೆಸಿ, ಡಬ್ಬಕ್ಕೆ ಒತ್ತಿ ತುಂಬಿದಳು. ಎರಡು ದಿನ ಇರುತ್ತೇನೆ ಅಂದವಳು ಮಧ್ಯಾಹ್ನವೇ, "ಹೋಯ್ತೀನಿ ಕಣೇ," ಎಂದು ಎದ್ದಳು. ಬಸ್ ಸ್ಟ್ಯಾಂಡಿನವರೆಗೂ ಡಬ್ಬ ಹೊತ್ತು ಹೋದೆ. ಅನಂತಪುರಕ್ಕೆ ನಾನು ಹೋಗಿ ಆಫೀಸಿನಲ್ಲಿ ಕೇಳಿಕೊಂಡು ಬರುತ್ತೇನೆ, ನಂಬರ್ ಬದಲಿಸಿ ಕೊಡುತ್ತಾರೆ ಅಂದೆ. "ನೀನು ಬರ್ಬೇಡ. ನಾನು ನೋಡ್ಕೊಂತೀನಿ," ಅಂದಳು. ಬಸ್ಸು ಹೊರಟಾಗ ಕಿಟಕಿಯಿಂದ ಕೈ ಆಡಿಸಿದಳು, ಪ್ರತಿ ಸಲದ ಹಾಗೆ. ಅದನ್ನು ನೋಡಿದ್ದಕ್ಕೇ ನನಗೆ ಅಳು ಬಂತು.

ಆಮೇಲೆ ನಡೆದದ್ದನ್ನು ನನಗೆ ಹೇಳಿದ್ದು ಅಕ್ಕನಲ್ಲ, ಅವಳ ಸೊಸೆ. ಊರಿಗೆ ಹೋದ ಮಾರನೆಯ ದಿನ ಅಕ್ಕ ಊಟಕ್ಕೆ ಕೂತ ಬಾವನಿಗೆ, ಮಗ ಸೊಸೆಯರ ಮುಂದೆಯೇ, ತಾನು ಹತ್ತನೇ ಕ್ಲಾಸು ಮುಗಿಸಿಲ್ಲ ಎಂದು ಹೇಳಿದಳಂತೆ. ಬಾವ ಮೂರು ದಿನ ಮಾತಾಡಲಿಲ್ಲವಂತೆ. ನಾಲ್ಕನೆಯ ದಿನ, "ಓದದೆ ಇದ್ದಿದ್ದಕ್ಕಲ್ಲ, ಇಷ್ಟು ವರ್ಷ ನನ್ ಹತ್ರಾನೂ ಮುಚ್ಚಿಟ್ಟೆಯಲ್ಲ ಅಂತ ಬೇಜಾರು," ಎಂದರಂತೆ. ಆ ವಾರವೇ ಅಕ್ಕ ಸೊಸೆಯನ್ನು ಕರೆದುಕೊಂಡು ಅನಂತಪುರಕ್ಕೆ ಹೋಗಿ ತನ್ನ ಈಗಿನ ನಂಬರ್ ಬರೆಸಿ ಬಂದಳು. ಬಾವ ಬಸ್ ಹತ್ತಿಸಲು ಬಂದಿದ್ದರಂತೆ.

ಮುಂದಿನ ಸಲದ ಪರೀಕ್ಷೆಗೆ ಅಕ್ಕ ಕೂತಳು. ಸೊಸೆ ದಿನವೂ ಅಂಗಡಿ ಮುಚ್ಚುವ ಮೊದಲು ಒಂದು ಗಂಟೆ ಲೆಕ್ಕ ಹೇಳಿಕೊಟ್ಟಳು. ಉಳಿದೆಲ್ಲ ಪಾಸಾಯಿತು, ಲೆಕ್ಕ ಹೋಯಿತು. ಅದನ್ನೊಂದು ಮತ್ತೆ ಬರೆಯುತ್ತಾಳೆ. ಫಲಿತಾಂಶ ಬಂದ ದಿನ ಸೊಸೆಯ ಫೋನು ಬಂತು. ಅಕ್ಕನಿಗೆ ಕೊಡು ಅಂದೆ. "ಗಿರಾಕಿ ಅವ್ರೆ, ಆಮೇಲೆ ಮಾಡ್ತಾರಂತೆ ಚಿಕ್ಕತ್ತೆ," ಅಂದಳು. ಅಕ್ಕ ಮಾರನೆಯ ದಿನ ಮಾಡಿದಳು. ಪರೀಕ್ಷೆಯ ವಿಷಯವನ್ನು ಅವಳು ಎತ್ತಲಿಲ್ಲ. ನಾನೇ ಎತ್ತಿದಾಗ, "ಹೂಂ, ಒಂದು ಉಳ್ಕೊಂಡೈತೆ," ಎಂದಳು.

ಆ್ಯಪನ್ನು ನಾನು ಸರಿಮಾಡಿದೆ. ಎರಡೂ ಮನೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಯಾವುದು ಯಾರಿಗೆ ಕಾಣುತ್ತದೆ ಎಂದು ತೋರಿಸಿ, ಅವರೇ ಮಾಡಿ ತೋರಿಸುವವರೆಗೂ ಬಿಡಲಿಲ್ಲ. ಒಬ್ಬೊಬ್ಬರಿಗೆ ಹಿಡಿದದ್ದು ಹತ್ತು ನಿಮಿಷ. ಬಾವನಿಗೆ ಸ್ವಲ್ಪ ಹೆಚ್ಚು. ಆ ಭಾನುವಾರ ಊಟ ಆರಿದರೆ ಆರಲಿ ಎಂದು ಕೂತಿದ್ದರೆ ಆಗಿಬಿಡುವಷ್ಟು ಕೆಲಸ.

ಅಕ್ಕ ಈಗಲೂ ಆ ಆ್ಯಪ್ ಇಟ್ಟುಕೊಂಡಿದ್ದಾಳೆ. ಸಿಟ್ಟಿಲ್ಲ, ಹಬ್ಬಕ್ಕೆ ಬರುತ್ತಾಳೆ, ನನ್ನ ಮಗಳಿಗೆ ಸೀರೆ ಕಳಿಸುತ್ತಾಳೆ. ಹೋದ ತಿಂಗಳು ಕಲ್ಯಾಣದುರ್ಗಕ್ಕೆ ಹೋಗಿದ್ದಾಗ ಅವಳ ಫೋನಿನಲ್ಲಿ ಏನೋ ತೆರೆಯುತ್ತಿರಲಿಲ್ಲ. ಅಭ್ಯಾಸದಿಂದ ಕೈ ಚಾಚಿದೆ. ಅವಳು ಫೋನು ಕೊಡಲಿಲ್ಲ. ನನ್ನ ಪಕ್ಕಕ್ಕೆ ಸರಿದು ಕೂತು, ಕನ್ನಡಕ ಏರಿಸಿಕೊಂಡು, "ನೀನು ಬಾಯಾಗೆ ಹೇಳು, ನಾನು ಒತ್ತೀನಿ," ಅಂದಳು. ನಾನು ಹೇಳುತ್ತಾ ಹೋದೆ. ಪಾಸ್‌ವರ್ಡ್ ಕೇಳುವ ಜಾಗ ಬಂದಾಗ ಮುಖ ಆ ಕಡೆ ತಿರುಗಿಸಿಕೊಂಡೆ.